ಇನ್ನೊಂದು ಗೆರೆ

ರಾಮವ್ವನ ದಣಿವು ಯಾವಾಗ ಶುರುವಾಯಿತೆಂದರೆ, ಮದುವೆಯಾದ ಮರುದಿನವೇ ಎನ್ನಬೇಕು. ಕೊಕಟನೂರ ಹತ್ತಿರದ ವಸ್ತಿಯಲ್ಲಿ ಆಡಿನ ಹಟ್ಟಿ ಗುಡಿಸು, ಹಾಲು ಹಿಂಡು, ರೊಟ್ಟಿ ಬಡಿ, ಮತ್ತೆ ಹಟ್ಟಿ. ಜ್ವರ ಬಂದರೂ ಹಟ್ಟಿ, ಬಾಣಂತನದಲ್ಲೂ ಹಟ್ಟಿ. ಗಂಡ ಸಿದರಾಯ ಕೆಟ್ಟವನೆಂದರೆ ಬಾಯಲ್ಲಿ ಹುಳ ಬಿದ್ದಾವು; ಹೊಡೆದವನಲ್ಲ, ಬೈದವನಲ್ಲ. ಹೆಂಡತಿಗೂ ಸುಸ್ತಾಗುತ್ತದೆ ಎಂಬುದೊಂದು ಅವನಿಗೆ ಹೊಳೆದಿರಲಿಲ್ಲ, ಅಷ್ಟೇ. ಅತ್ತೆ ಸಾವಿತ್ರೆವ್ವನಿಗೆ ಹೊಳೆದಿತ್ತು, ಆದರೆ ಅದಕ್ಕೆ ಆಕೆ ಇಟ್ಟ ಹೆಸರು ಮೈಗಳ್ಳತನ.

ತೊಂಬತ್ತೆಂಟರ ಕಬ್ಬಿನ ಹಂಗಾಮಿನಲ್ಲಿ ಒಂದು ಬೆಳಿಗ್ಗೆ ರಾಮವ್ವ ಎದೆ ಒತ್ತಿಕೊಂಡು ಹಟ್ಟಿಯಲ್ಲೇ ಕುಸಿದಳು. ಸಿದರಾಯನ ಜೀವ ಬಾಯಿಗೆ ಬಂತು. ಕಬ್ಬಿನ ಟ್ರ್ಯಾಕ್ಟರೊಂದನ್ನು ತಡೆದು ಅಥಣಿಗೆ ಕರೆದೊಯ್ದ.

ಡಾಕ್ಟರ ಮಹಾವೀರ ಈಸಿಜಿ ನೋಡಿ ತಲೆ ಕೆರೆದುಕೊಂಡರು. ಆಮೇಲೆ ಮಿರಜಿನಿಂದ ಹೊಸದಾಗಿ ತರಿಸಿದ್ದ ಪರೀಕ್ಷೆಯ ಪಟ್ಟಿಯೊಂದನ್ನು ತೆಗೆದು ಅದರ ಮೇಲೆ ಆಕೆಯ ರಕ್ತದ ಹನಿ ಹಾಕಿದರು.

"ಹೃದಯದ ಮಾಂಸಕ್ಕ ಪೆಟ್ಟಾದ್ರ ಅದರೊಳಗಿನ ಪ್ರೋಟೀನು ರಕ್ತಕ್ಕ ಇಳಿತೈತಿ. ಅದನ್ನ ಹಿಡಿಯೂ ಆಂಟಿಬಾಡಿ ಈ ಪಟ್ಟಿಗೆ ಹಚ್ಚ್ಯಾರ. ಒಂದ ಗೆರಿ ಬಂದ್ರ ಚಿಂತಿಲ್ಲ, ಎರಡ ಬಂದ್ರ ಪೆಟ್ಟಾಗೇತಿ."

"ಆ ಹಿಡಿಯೂದನ್ನ ಎಲ್ಲಿಂದ ತರ್ತಾರ್ರಿ?" ಎಂದ ಸಿದರಾಯ.

"ಆಡಿಗೆ ಸೂಜಿ ಚುಚ್ಚಿ ಅದರ ರಕ್ತದಾಗ ಬೆಳಸ್ತಾರ."

ರಾಮವ್ವ ಕಣ್ಣು ತೆರೆದಳು. ಆಡು ಇಲ್ಲಿಗೂ ಬಂತೇ.

"ಎರಡ ಬಂದ್ರ ಏನ್ ಮಾಡ್ತೀರ್ರಿ?"

"ಇಲ್ಲೇ ಮಲಗಿಸ್ತೀವಿ, ತಾಯಿ. ಮನೀಗೆ ಹೋದ ಮ್ಯಾಲೂ ತಿಂಗಳತನಕ ಕೆಲಸ ಮುಟ್ಟೂಹಂಗಿಲ್ಲ."

ತಿಂಗಳು. ಕೊಕಟನೂರ ಎಲ್ಲವ್ವಾ, ಇನ್ನೊಂದು ಗೆರೆ ಕೊಡು ತಾಯಿ ಎಂದು ರಾಮವ್ವ ಮನಸ್ಸಿನಲ್ಲೇ ಕೈ ಮುಗಿದಳು. ಸಾಯುವ ಆಸೆಯೇನೂ ಆಕೆಗಿರಲಿಲ್ಲ. ಮಲಗುವ ಆಸೆ ಇತ್ತು.

ಬಂದದ್ದು ಒಂದೇ ಗೆರೆ.

"ಪೆಟ್ಟು ಬಿದ್ದ ಕೂಡಲೇ ಇದು ತೋರಿಸೂದಿಲ್ಲ. ಸಂಜೀಕ ಮತ್ತೊಮ್ಮೆ ನೋಡೂಣು. ಅಲ್ಲೀತನಕ ಏಳಬ್ಯಾಡ್ರಿ," ಎಂದರು ಡಾಕ್ಟರು.

ಹಗಲಿನಲ್ಲಿ ಹಾಸಿಗೆಗೆ ಬೆನ್ನು ಹಚ್ಚಿದ್ದು ಅವಳಿಗೆ ನೆನಪೇ ಇರಲಿಲ್ಲ. ಎಂಥ ಸುಖದ ನಿದ್ದೆ ಅಂತೀರಿ! ಎಚ್ಚರಾದಾಗ ಸಿದರಾಯ ರುಮಾಲಿನಿಂದ ಗಾಳಿ ಬೀಸುತ್ತ ಕೂತಿದ್ದ.

ಸಂಜೆಯೂ ಒಂದೇ ಗೆರೆ.

"ಹೃದಯ ಗಟ್ಟಿ ಐತಿ. ಭಾಳ ದಣದಾರ, ಒಂದಿಷ್ಟು ವಿಶ್ರಾಂತಿ ಕೊಡ್ರಿ," ಎಂದರು ಡಾಕ್ಟರು. ಸಿದರಾಯನ ಕಿವಿಗೆ ಬಿದ್ದದ್ದು ಮೊದಲಿನ ಮಾತು ಮಾತ್ರ. ರಾಮವ್ವ ಗಳಗಳ ಅತ್ತಳು. ಖುಷಿಗೆ ಅಳುತ್ತಾಳೆಂದು ಅವನೂ ಕಣ್ಣೊರೆಸಿಕೊಂಡ.

ಮನೆಗೆ ಬಂದಾಗ ಸಾವಿತ್ರೆವ್ವ ಬಾಗಿಲಲ್ಲೇ ನಿಂತಿದ್ದಳು.

"ಏನೂ ಇಲ್ಲಂತ ಯವ್ವಾ," ಎಂದ ಸಿದರಾಯ.

"ನಾ ಹೇಳಿರಲಿಲ್ಲೇನು," ಎನ್ನುತ್ತ ಅತ್ತೆ ಸೊಸೆಯ ಕೈಗೆ ತಂಬಿಗೆ ಕೊಟ್ಟಳು. "ಹಿಂಡೂದು ಉಳದೈತಿ."

ರಾಮವ್ವ ಹಟ್ಟಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಆಡಿನ ಹೊಟ್ಟೆಗೆ ಹಣೆ ಹಚ್ಚಿದಳು.

"ಇಷ್ಟ ವರ್ಷ ಮೇಸೀನಿ. ನನಗಾಗಿ ಒಂದ ಗೆರಿ ಸುಳ್ಳ ಹೇಳಾಕ ಆಗಲಿಲ್ಲೇನ ಬೇ ನಿನಗ?" ಎಂದಳು.

ಆಡು ಮೆಲುಕು ಹಾಕುತ್ತಿತ್ತು. ಅವಳು ಹಿಂಡತೊಡಗಿದಳು.