ನಲವತ್ತಕ್ಕೆ ಒಂದೇ ಅಂಕ

ಲಾಕ್‌ಡೌನ್‌ಗಳೆಲ್ಲ ಮುಗಿದು ಎರಡನೆಯ ವರ್ಷ. ಮೆಲ್ಬರ್ನ್‌ನಲ್ಲಿ, ವಲಸೆ ಬಂದ ವಯಸ್ಕರಿಗೆ ಇಂಗ್ಲಿಷ್ ಕಲಿಸುವ ಒಂದು ಸಂಸ್ಥೆಯಲ್ಲಿ ನಾನಾಗ ಸೀನಿಯರ್ ಅಸೆಸರ್, ಅಂದರೆ ಪರೀಕ್ಷೆಗಳ ಫಲಿತಾಂಶದ ಮೇಲೆ ಕಣ್ಣಿಡುವವಳು. ನಮ್ಮ ಹೆಡ್ ಆಫೀಸು ನಾರ್ತ್ ಸಿಡ್ನಿಯಲ್ಲಿ. ನನ್ನ ಮನೆ ಮೆಲ್ಬರ್ನ್‌ನ ಅಂಚಿನ ಟಾರ್ನೀಟ್‌ನಲ್ಲಿ. ರೈಲು ಹಿಡಿದು, ಟ್ರ್ಯಾಮ್ ಹತ್ತಿ ಆಫೀಸು ಸೇರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಊರಿನಲ್ಲಿದ್ದಾಗ ಕಾರ್ಕಳದ ಒಂದು ಪಿಯು ಕಾಲೇಜಿನಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೆ. ಕಾಪಿ ಹೊಡೆಯುವವರನ್ನು ಹಿಡಿಯುವುದರಲ್ಲಿ ನನಗೆ ಅಲ್ಲಿ ದೊಡ್ಡ ಹೆಸರು. ಮಕ್ಕಳು ನನ್ನನ್ನು ಕಂಡರೆ ಹೆದರುತ್ತಿದ್ದರು, ನನಗೂ ಅದು ಖುಷಿ ಕೊಡುತ್ತಿತ್ತು. ಹಿಡಿಯುವ ಆ ಚಟ ನನ್ನ ಜೊತೆಗೇ ಆಸ್ಟ್ರೇಲಿಯಾಕ್ಕೆ ಬಂತು.

ನಮ್ಮಲ್ಲಿ ಚೀನೀ ಮಾತಾಡುವ ವಿದ್ಯಾರ್ಥಿಗಳಿಗೆಂದೇ ಒಂದು ಪರೀಕ್ಷೆ ಇತ್ತು. ಪ್ರತಿ ಟರ್ಮ್, ಅಂದರೆ ಹತ್ತು ವಾರದ ಪಾಠ ಮುಗಿದ ಮೇಲೆ ಅದನ್ನು ಬರೆಯಬೇಕು. ಮೊದಲ ಭಾಗದಲ್ಲಿ ನಲವತ್ತು ಇಂಗ್ಲಿಷ್ ಪದಗಳು. ಪ್ರತಿಯೊಂದರ ಕೆಳಗೆ ಚೀನೀ ಭಾಷೆಯಲ್ಲಿ ನಾಲ್ಕು ಅರ್ಥ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಎರಡನೆಯ ಭಾಗದಲ್ಲಿ ಶಾಲೆಯಿಂದ ಬಂದ ಪತ್ರ, ಔಷಧದ ಚೀಟಿ, ರೆಂಟ್‌ನ ನೋಟಿಸು ಇಂಥವನ್ನು ಓದಿ ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ. ಮೂರನೆಯದು ಅನುವಾದ. ಒಂದು ಇಂಗ್ಲಿಷ್ ಪ್ಯಾರಾವನ್ನು ಓದಿ ಅದರ ಅರ್ಥವನ್ನು ಚೀನೀ ಭಾಷೆಯಲ್ಲಿ ಬರೆಯಬೇಕು. ಆ ಹಾಳೆ ನನಗೆ ಓದಲು ಬರುತ್ತಿರಲಿಲ್ಲ. ಹೆಸರಿನ ಬದಲು ನಂಬರ್ ಹಾಕಿ, ಸ್ಕ್ಯಾನ್ ಮಾಡಿ ಸಿಡ್ನಿಗೆ ಕಳಿಸುತ್ತಿದ್ದೆವು. ಅಲ್ಲಿ ಐವಿ ಎಂಬ ಮೌಲ್ಯಮಾಪಕಿ ಓದಿ ಅಂಕ ಕೊಡುತ್ತಿದ್ದಳು. ನಮಗೆ ವಾಪಸು ಬರುತ್ತಿದ್ದುದು ಒಂದು ಸಂಖ್ಯೆ ಮಾತ್ರ.

ಒಂದು ಹಂತದಲ್ಲಿ ಮೂರು ಸಲ ಫೇಲಾದವರ ಫೈಲು, ಆ ಸಲದ ಅಂಕ ಅವರಿಗೆ ತಿಳಿಸುವ ಮೊದಲೇ, ನನ್ನ ಮೇಜಿಗೆ ಬರಬೇಕೆಂಬ ನಿಯಮವಿತ್ತು. ಸರ್ಕಾರ ಕೊಡುವ ಉಚಿತ ಪಾಠ. ಸೀಟು ಹಿಡಿದುಕೊಂಡು ಕೂತವರನ್ನು ವಿಚಾರಿಸಬೇಕಲ್ಲ. ಹಾಗೆ ಬಂದದ್ದು ಯುಲಾನ್ ಎಂಬಾಕೆಯ ಫೈಲು. ವಯಸ್ಸು ನಲವತ್ತಾರು. ಚೀನಾದಲ್ಲಿ ಔಷಧ ಅಂಗಡಿಯಲ್ಲಿ ಕೆಲಸ ಮಾಡಿದ್ದವಳು, ಇಲ್ಲಿಯ ಚೀನೀ ಮೂಲದವನೊಬ್ಬನನ್ನು ಮದುವೆಯಾಗಿ ಬಂದವಳು. ಗಂಡನಿಗೆ ಮೆಲ್ಬರ್ನ್‌ನಿಂದ ಐದು ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ ಮೋಟೆಲ್ ಇತ್ತು. ಅಲ್ಲಿ ಇಂಗ್ಲಿಷ್ ತರಗತಿ ಇಲ್ಲವಾದ್ದರಿಂದ ಆಕೆ ಇಲ್ಲೊಂದು ರೂಮಿನಲ್ಲಿದ್ದು ಓದುತ್ತಿದ್ದಳು. ಫಾರಂನಲ್ಲಿ ಕಾಯಂ ವಿಳಾಸ ಮೋಟೆಲಿನದೇ. ಟೀಚರ್ ಬರೆದಿದ್ದರು: ‘ತರಗತಿಯಲ್ಲಿ ಎಲ್ಲವೂ ಅರ್ಥವಾದಂತೆ ಕಾಣುತ್ತದೆ. ಪರೀಕ್ಷೆಯಲ್ಲಿ ಏನಾಗುತ್ತದೋ ತಿಳಿಯದು.’

ಏನಾಗುತ್ತದೆಂದು ನನಗೆ ಹತ್ತೇ ನಿಮಿಷದಲ್ಲಿ ತಿಳಿಯಿತು. ಪದಗಳ ಭಾಗದಲ್ಲಿ ಆಕೆಗೆ ಮೊದಲ ಸಲ ನಲವತ್ತಕ್ಕೆ ಎರಡು, ಎರಡನೆಯ ಸಲ ಸೊನ್ನೆ, ಮೂರನೆಯ ಸಲ ಒಂದು. ಬೇರೆಯವರಾದರೆ ಪಾಪ ಎಂದು ಮುಂದಿನ ಫೈಲು ತೆಗೆಯುತ್ತಿದ್ದರೋ ಏನೋ. ನಾಲ್ಕು ಉತ್ತರಗಳಲ್ಲಿ ಒಂದು ಸರಿ ಇರುವಾಗ, ಕಣ್ಣು ಕಟ್ಟಿಕೊಂಡು ಗುರುತು ಹಾಕಿದರೂ ಹತ್ತರ ಆಸುಪಾಸು ಅಂಕ ಬರಲೇಬೇಕು. ಏನೂ ಗೊತ್ತಿಲ್ಲದವರಿಗೆ ಹತ್ತು ಬರುತ್ತದೆ. ಒಂದು ಬರಬೇಕಾದರೆ ಸರಿಯುತ್ತರ ಯಾವುದೆಂದು ಗೊತ್ತಿದ್ದು, ಪ್ರತಿ ಸಲ ಅದನ್ನು ಬಿಟ್ಟು ಬೇರೆಯದನ್ನು ಗುರುತು ಹಾಕಬೇಕು. ಈಕೆಗೆ ಎಲ್ಲವೂ ಗೊತ್ತಿದೆ, ಬೇಕೆಂದೇ ಫೇಲಾಗುತ್ತಿದ್ದಾಳೆ! ಮೂರು ಟರ್ಮ್‌ಗಳ ಅನುವಾದದ ಅಂಕವೂ ಸೊನ್ನೆ, ಸೊನ್ನೆ, ಸೊನ್ನೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಖುಷಿ ತಡೆಯಲಾರದೆ ರಿಸೆಪ್ಷನ್‌ನಲ್ಲಿದ್ದ ನಯನಾಗೆ ಹೇಳಿದೆ. ಹಾಸನದ ಹುಡುಗಿ, ಓದಲು ಬಂದು, ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿ ಸಿಕ್ಕಿ, ನಮ್ಮಲ್ಲೇ ಕೆಲಸಕ್ಕೆ ಸೇರಿದ್ದಳು. ಆಫೀಸಿನಲ್ಲಿ ಕನ್ನಡ ಆಡಲು ನನಗಿದ್ದದ್ದು ಅವಳೊಬ್ಬಳೇ.

‘ಬಿಟ್ಟಾಕಿ ಆಂಟಿ. ಫೇಲ್ ಆದ್ರೆ ಯಾರಿಗೇನ್ ಲಾಸ್?’ ಅಂದಳು.

‘ಯಾರಿಗೇನು ಲಾಸ್ ಅಂದ್ರೆ? ವೆಯ್ಟಿಂಗ್ ಲಿಸ್ಟ್‌ನಲ್ಲಿ ಎಷ್ಟು ಜನ ಇದ್ದಾರೆ ನೋಡಿದ್ದೀಯಾ?’

‘ಅದಲ್ಲ ಆಂಟಿ. ಫ್ರೈಡೇ ಬಂದ್ರೆ ಸಾಕು, ಆ ಲೇಡಿ ಒಂಥರಾ ಆಗ್ಬಿಡ್ತಾರೆ. ಅವ್ರ್ ಹಸ್ಬೆಂಡ್ ಕಾರ್ ತಗೊಂಡ್ ಬಂದು ಹೊರಗೆ ವೆಯ್ಟ್ ಮಾಡ್ತಿರ್ತಾನೆ. ಇವ್ರು ಟಾಯ್ಲೆಟ್‌ನಿಂದ ಆಚೆಗೇ ಬರಲ್ಲ. ನಂಗೇನೋ ಸರಿ ಕಾಣ್ಸಲ್ಲ.’

‘ನಿಂಗೆ ಎಲ್ಲದ್ರಲ್ಲೂ ಸೀರಿಯಲ್ಲೇ ಕಾಣ್ಸೋದು. ನೋಡೋದು ಕಡಿಮೆ ಮಾಡು ಮಾರಾಯ್ತಿ’ ಎಂದೆ. ನಕ್ಕುಬಿಟ್ಟೆ. ಆ ನಗು ನೆನೆದರೆ ಈಗ ನನಗೆ ನನ್ನ ಮೇಲೇ ಹೇಸಿಗೆ.

ಮಂಗಳವಾರ ಯುಲಾನ್‌ಳನ್ನು ನನ್ನ ಕೋಣೆಗೆ ಕರೆಸಿದೆ. ಸಣ್ಣ ಮೈಕಟ್ಟು, ನೀಲಿ ಕಾರ್ಡಿಗನ್, ಬ್ಯಾಗನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಇಂಟರ್‌ಪ್ರಿಟರ್ ಬೇಕೇ ಎಂದು ಕೇಳಿದೆ. ಬೇಡವೆಂದು ಬೇಗ ತಲೆಯಾಡಿಸಿದಳು. ಅದನ್ನೂ ನಾನು ಸಾಕ್ಷಿಯಾಗಿ ಬರೆದುಕೊಂಡೆ. ಉತ್ತರಪತ್ರಿಕೆಗಳನ್ನು ಮುಂದೆ ಹರಡಿ, ಹತ್ತು ಯಾಕೆ ಬರಬೇಕು, ಒಂದು ಯಾಕೆ ಬರಬಾರದು ಎಂದು ಇಂಗ್ಲಿಷ್‌ನಲ್ಲೇ ವಿವರಿಸಿದೆ. ಆಕೆಗೆ ಪೂರ್ತಿ ಅರ್ಥವಾಯಿತು. ಮುಖದ ಬಣ್ಣ ಇಳಿದದ್ದರಲ್ಲೇ ಗೊತ್ತಾಗುತ್ತಿತ್ತು.

‘ದಯವಿಟ್ಟು. ಇನ್ನೊಂದೇ ಟರ್ಮ್’ ಎಂದಳು. ವ್ಯಾಕರಣ, ಉಚ್ಚಾರಣೆ ಎರಡೂ ಸರಿಯಾಗಿದ್ದವು.

‘ಯಾಕೆ ಹೀಗೆ ಮಾಡಿದಿರಿ ಎಂದು ನಾನು ಕೇಳುತ್ತಿಲ್ಲ. ಕಾರಣ ನನಗೆ ಬೇಡ. ನಿಮ್ಮ ಮಟ್ಟ ಏನು ಎನ್ನುವುದಷ್ಟೇ ನನ್ನ ಕೆಲಸ’ ಎಂದೆ. ಹೀಗೆ ಮಾತಾಡುವುದು ವೃತ್ತಿಪರತೆ ಎಂದು ನನ್ನ ನಂಬಿಕೆ.

ಆಕೆ ಮೂರನೆಯ ಹಾಳೆಯ ಮೇಲೆ, ತಾನು ಚೀನೀಯಲ್ಲಿ ಬರೆದಿದ್ದ ಸಾಲುಗಳ ಮೇಲೆ ಬೆರಳಿಟ್ಟಳು. ‘ಇದನ್ನು ನೀವು ಓದಿದಿರಾ?’

‘ನನಗೆ ಓದಲು ಬರುವುದಿಲ್ಲ. ಸಿಡ್ನಿಯಲ್ಲಿ ಓದುತ್ತಾರೆ.’

‘ಓದಿ ಏನಂದರು?’

‘ಏನೂ ಅನ್ನುವುದಿಲ್ಲ. ಅಂಕ ಕೊಡುತ್ತಾರೆ. ಈ ಸಲವೂ ಸೊನ್ನೆ.’

ಸೊನ್ನೆ ಎಂದದ್ದೇ ಆಕೆಯ ಭುಜಗಳು ಸಡಿಲವಾದವು. ಮುಖದಲ್ಲಿ ಸಣ್ಣದೊಂದು ನೆಮ್ಮದಿ ಸುಳಿಯಿತು. ಎಲಾ ಇವಳ, ಸಿಕ್ಕಿಬಿದ್ದ ಮೇಲೂ ಎಷ್ಟು ಉಡಾಫೆ ಎಂದುಕೊಂಡೆ. ನನಗೆ ಪಿತ್ತ ನೆತ್ತಿಗೇರಿತು. ಅದೇ ಸಂಜೆ ವರದಿ ಬರೆದು ಮುಗಿಸಿದೆ.

ಎರಡು ಪುಟದ ವರದಿ. ಅಭ್ಯರ್ಥಿ ಉದ್ದೇಶಪೂರ್ವಕವಾಗಿ ತಪ್ಪು ಉತ್ತರ ಕೊಟ್ಟಿದ್ದಾರೆ, ಈ ಹಂತವನ್ನು ಅವರು ಎಂದೋ ದಾಟಿದ್ದಾರೆ, ಆದ್ದರಿಂದ ತೇರ್ಗಡೆ ಎಂದು ಪರಿಗಣಿಸಿ ಸೀಟು ತೆರವು ಮಾಡಬಹುದು. ಮ್ಯಾನೇಜರ್ ಮರುಮಾತಿಲ್ಲದೆ ಸಹಿ ಹಾಕಿದರು. ಸರ್ಟಿಫಿಕೇಟು ನಿಯಮದಂತೆ ಕಾಯಂ ವಿಳಾಸಕ್ಕೆ, ಅಂದರೆ ಮೋಟೆಲಿಗೆ, ಪೋಸ್ಟ್‌ನಲ್ಲಿ ಹೋಯಿತು.

ಮುಂದಿನ ವಾರ ಗಂಡ ಬಂದ. ಈ ಸಲ ಕಾರಿನಲ್ಲಿ ಕಾಯದೆ ಒಳಗೇ ಬಂದು, ಆಕೆಯ ಪುಸ್ತಕಗಳನ್ನೆಲ್ಲ ತುಂಬಿಕೊಂಡು ಹೋಗಲು ಡಬ್ಬ ತಂದಿದ್ದ. ಒಳ್ಳೆಯ ಬಟ್ಟೆ ಹಾಕಿದ, ನಗುಮುಖದ ಮನುಷ್ಯ. ನನ್ನ ಕೈ ಕುಲುಕಿ, ‘ತುಂಬಾ ಥ್ಯಾಂಕ್ಸ್. ನಮ್ಮ ರಿಸೆಪ್ಷನ್‌ಗೆ ಇಂಗ್ಲಿಷ್ ಬರುವವರು ಬೇಕಾಗಿತ್ತು. ಒಂದು ವರ್ಷದಿಂದ ಕಾಯ್ತಾ ಇದ್ದೆ’ ಎಂದ. ಯುಲಾನ್ ಅವನ ಹಿಂದೆ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ನಯನಾ ಮಾತ್ರ ಅವರು ಹೋದ ಮೇಲೆ ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ.

ಇದಾಗಿ ಎರಡು ತಿಂಗಳಿಗೆ ನಾರ್ತ್ ಸಿಡ್ನಿಯಲ್ಲಿ ಎಲ್ಲ ಸೆಂಟರ್‌ಗಳ ಮೌಲ್ಯಮಾಪಕರ ಸಭೆ. ನನ್ನ ಪತ್ತೇದಾರಿಕೆಯ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಇಪ್ಪತ್ತು ನಿಮಿಷ ಮಾತಾಡಿ ಎಂದಿದ್ದರು. ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ. ಹೆಸರು, ನಂಬರ್ ತೆಗೆದು, ಯುಲಾನ್‌ಳ ಉತ್ತರಪತ್ರಿಕೆಯ ಹಾಳೆಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸಿದೆ. ಕೊನೆಯದಾಗಿ ಆಕೆಯ ಅನುವಾದದ ಹಾಳೆ. ಗೋಡೆಯಷ್ಟು ದೊಡ್ಡದಾಗಿ ಚೀನೀ ಅಕ್ಷರಗಳು, ಮೂಲೆಯಲ್ಲಿ ಸೊನ್ನೆ. ‘ನೋಡಿ, ಇಷ್ಟುದ್ದ ಬರೆದು ಸೊನ್ನೆ ತೆಗೆದುಕೊಳ್ಳುವುದಕ್ಕೂ ಶ್ರಮ ಬೇಕು’ ಎಂದೆ. ಎಲ್ಲರೂ ನಕ್ಕರು. ಆ ಕೋಣೆಯಲ್ಲಿ ಚೀನೀ ಓದಬಲ್ಲವಳು ಐವಿ ಒಬ್ಬಳೇ. ಅವಳು ಎದ್ದು ಹೊರಗೆ ಹೋದಳು. ಚಪ್ಪಾಳೆಯ ಗಲಾಟೆಯಲ್ಲಿ ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಟೀ ಹೊತ್ತಿನಲ್ಲಿ ಐವಿ ನನ್ನನ್ನು ಕಾರಿಡಾರ್‌ಗೆ ಕರೆದುಕೊಂಡು ಹೋದಳು. ಅಳುತ್ತಿದ್ದಳು.

‘ಆಕೆ ಈಗ ಎಲ್ಲಿದ್ದಾಳೆ?’

‘ಗಂಡನ ಮನೆಗೆ ಹೋದಳು. ಪಾಸಾದಳಲ್ಲ.’

‘ಅದು ಅನುವಾದ ಅಲ್ಲ. ಮೂರು ಸಲವೂ ಅಲ್ಲ. ಅದು ಪತ್ರ. ನನಗೆ ಬರೆದದ್ದು.’

ಅವಳ ಫೋನ್‌ನಲ್ಲಿ ಆ ಹಾಳೆಯ ಚಿತ್ರವಿತ್ತು. ಒಂದೊಂದೇ ಸಾಲು ಓದಿ ಇಂಗ್ಲಿಷ್‌ನಲ್ಲಿ ಹೇಳಿದಳು. ‘ಈ ಅಕ್ಷರ ಓದಬಲ್ಲವರಿಗೆ. ಈ ಪ್ಯಾರಾ ನನಗೆ ಅರ್ಥವಾಗಿದೆ, ಆದರೆ ನನ್ನನ್ನು ಪಾಸು ಮಾಡಬೇಡಿ. ಪಾಸಾದರೆ ಗಂಡ ನನ್ನನ್ನು ಮೋಟೆಲಿಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಸುತ್ತಮುತ್ತ ಯಾರೂ ಇಲ್ಲ. ಶನಿವಾರ ಭಾನುವಾರವೇ ನನಗೆ ತಡೆಯಲು ಆಗುತ್ತಿಲ್ಲ. ಮೆಲ್ಬರ್ನ್‌ನಲ್ಲಿ ಒಬ್ಬ ವಕೀಲೆ ಸಿಕ್ಕಿದ್ದಾರೆ, ಕಾಗದಪತ್ರ ಕೊಟ್ಟಿದ್ದೇನೆ. ಇನ್ನೊಂದು ಟರ್ಮ್ ಇಲ್ಲಿದ್ದರೆ ಸಾಕು. ಸೆಂಟರಿನವರಿಗೆ ಹೇಳಬೇಡಿ, ಅವರು ಎಲ್ಲದಕ್ಕೂ ಅವನಿಗೆ ಫೋನ್ ಮಾಡುತ್ತಾರೆ. ನೀವು ಓದಿದ್ದರೆ ಸೊನ್ನೆ ಕೊಡಿ. ನನಗೆ ತಿಳಿಯುತ್ತದೆ.’

‘ಅದಕ್ಕೇ ಸೊನ್ನೆ ಕೊಟ್ಟೆ’ ಎಂದಳು ಐವಿ. ‘ಯಾರಿಗೂ ಹೇಳಬೇಡಿ ಅಂದಿದ್ದಳು, ಹೇಳಲಿಲ್ಲ. ಹೇಳಬೇಕಿತ್ತೇನೋ. ನೀವಾದರೂ ಒಂದು ಮಾತು ಕೇಳಬಾರದಿತ್ತಾ, ಏನು ಬರೆದಿದ್ದಾಳೆ ಅಂತ?’

ನನ್ನ ಕೋಣೆಯಲ್ಲಿ ಆಕೆಯ ಮುಖದ ಮೇಲೆ ಸುಳಿದ ನೆಮ್ಮದಿ ಯಾವುದೆಂದು ನನಗೆ ಆಗ ಅರ್ಥವಾಯಿತು. ಸಾವಿರ ಕಿಲೋಮೀಟರ್ ದೂರದಲ್ಲಿ ಯಾರೋ ತನ್ನನ್ನು ಓದಿದ್ದಾರೆ ಎಂಬ ನೆಮ್ಮದಿ. ಅದನ್ನೇ ನಾನು ಉಡಾಫೆ ಎಂದಿದ್ದೆ.

ಅಲ್ಲಿಂದಲೇ ಪೊಲೀಸರಿಗೆ ಫೋನ್ ಮಾಡಿದೆವು. ಮೋಟೆಲಿಗೆ ಹೋಗಿ ಆಕೆ ಕ್ಷೇಮವೇ ಎಂದು ನೋಡಿ ಬರುವುದಾಗಿ ಹೇಳಿದರು. ಎರಡು ದಿನ ಬಿಟ್ಟು ಒಬ್ಬ ಅಧಿಕಾರಿ ನನಗೆ ವಾಪಸು ಫೋನ್ ಮಾಡಿದ. ಒಳ್ಳೆಯ ಮಾತಿನವನು. ‘ಭೇಟಿಯಾದೆವು. ಎಲ್ಲ ಚೆನ್ನಾಗಿದೆ ಎಂದರು.’

‘ಗಂಡ ಪಕ್ಕದಲ್ಲಿದ್ದನಾ?’

‘ಹೌದು, ಅಲ್ಲೇ ಇದ್ದರು.’

‘ಇಂಟರ್‌ಪ್ರಿಟರ್ ಇಟ್ಟುಕೊಂಡು ಬೇರೆಯಾಗಿ ಮಾತಾಡಿಸಲಿಲ್ಲವಾ?’

‘ಅಗತ್ಯ ಬೀಳಲಿಲ್ಲ ಮೇಡಂ. ಅವರ ಇಂಗ್ಲಿಷ್ ತುಂಬಾ ಚೆನ್ನಾಗಿದೆ. ಕೌಂಟರ್ ಹಿಂದೆ ಗೋಡೆಯ ಮೇಲೆ ಸರ್ಟಿಫಿಕೇಟ್ ಹಾಕಿದ್ದಾರೆ.’

ಆ ವಕೀಲೆ ಯಾರೆಂದು ಹುಡುಕಲು ಐವಿ ಸಿಡ್ನಿಯಿಂದ, ನಾನು ಮತ್ತು ನಯನಾ ಇಲ್ಲಿಂದ ತಿಂಗಳುಗಟ್ಟಲೆ ಫೋನ್ ಮಾಡಿದೆವು. ಸಿಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ನಾನೇ ಮೋಟೆಲಿಗೆ ಫೋನ್ ಮಾಡಿದೆ. ಎತ್ತಿದವಳು ಆಕೆಯೇ. ಮೋಟೆಲಿನ ಹೆಸರು, ಗುಡ್ ಆಫ್ಟರ್‌ನೂನ್, ಏನು ಸಹಾಯ ಬೇಕಿತ್ತು ಎಂದು ತಡೆಯಿಲ್ಲದೆ ಹೇಳಿದಳು. ನನ್ನ ಹೆಸರು ಹೇಳಿದೆ. ‘ನೀವು ಬರೆದದ್ದನ್ನು ಓದಿದೆವು. ನಾವು ಏನು ಮಾಡಲಿ ಹೇಳಿ’ ಎಂದೆ.

‘ಸಾರಿ, ರೂಮ್ ಖಾಲಿ ಇಲ್ಲ’ ಎಂದಳು. ಫೋನ್ ಇಟ್ಟಳು.

ಆಮೇಲೆ ಆ ನಂಬರ್‌ಗೆ ಎಷ್ಟು ಸಲ ಮಾಡಿದರೂ ಎತ್ತಿದ್ದು ಗಂಡನ ದನಿ. ಮತ್ತೊಂದು ದೂರು ಕೊಟ್ಟೆವು, ಅದಕ್ಕೂ ಅದೇ ಉತ್ತರ ಬಂತು. ಮುಂದಿನ ವರ್ಷ ಮೋಟೆಲ್ ಮಾರಾಟವಾಯಿತು. ಅವರು ಎಲ್ಲಿಗೆ ಹೋದರೆಂದು ಕೊಂಡವರಿಗೆ ಗೊತ್ತಿರಲಿಲ್ಲ.

ನಾನೀಗ ನಿವೃತ್ತಳು. ಹೊಸದಾಗಿ ಕೆಲಸಕ್ಕೆ ಸೇರಿದವರು ಒಮ್ಮೊಮ್ಮೆ ಸಲಹೆ ಕೇಳಿಕೊಂಡು ಬರುತ್ತಾರೆ. ಅಂಕದಲ್ಲಿ ಮೋಸ ಕಂಡುಹಿಡಿಯುವುದು ಹೇಗೆಂದು ನಾನು ಹೇಳಿಕೊಡುವುದಿಲ್ಲ, ಅದು ಕಷ್ಟದ ವಿದ್ಯೆಯೇನಲ್ಲ. ಒಬ್ಬರು ಬೇಕೆಂದೇ ಫೇಲಾಗುತ್ತಿದ್ದರೆ, ಪಾಸಾದ ದಿನ ಅವರು ಎಲ್ಲಿಗೆ ಹೋಗಬೇಕಾಗುತ್ತದೆ ಎಂದು ಮೊದಲು ಕೇಳಿ ಎನ್ನುತ್ತೇನೆ. ಆಕೆ ನನ್ನೆದುರು ಕೂತಿದ್ದಾಗ ನಾನು ಕೇಳಲಿಲ್ಲ, ಕಾರಣ ಬೇಡವೆಂದೆ. ಕೇಳಿದ್ದರೆ ಉತ್ತರ ಕೊಡುವಷ್ಟು ಇಂಗ್ಲಿಷ್ ಆಕೆಗೆ ಬರುತ್ತಿತ್ತು. ಅದನ್ನು ಲೆಕ್ಕ ಹಾಕಿ ಸಾಬೀತು ಮಾಡಿದವಳೂ ನಾನೇ.