ನೀರು ಕೇಳುತ್ತಿದ್ದ ಕಸ್ತೂರಕ್ಕ

ಯಾರ ಮನೆಗೆ ಹೋದರೂ ಕಸ್ತೂರಕ್ಕ ಮೊದಲು ಕುಡಿಯಲು ನೀರು ಕೇಳುತ್ತಿದ್ದರು. ಅದೂ ಮನೆಯ ಹಿರಿಯರೇ ತಂದುಕೊಡಬೇಕು. ಸೊಸೆ ತಂಬಿಗೆ ಹಿಡಿದು ಬಂದರೆ, “ನೀ ಕುಂಡ್ರವಾ, ಆಯಿ ಕೊಡ್ಲಿ” ಎನ್ನುವರು. ದಿನಕ್ಕೆ ಹತ್ತು ಮನೆಯ ನೀರು ಕುಡಿದು, ಆಮೇಲೆ ಶೌಚಾಲಯ ಹುಡುಕುತ್ತಾ ನನ್ನನ್ನೇ ಬೈಯುವರು.

ನಾವಿಬ್ಬರೂ ಸರ್ವೆಯವರು. ಬನಹಟ್ಟಿ, ಚಿಮ್ಮಡದ ಮುದುಕರು ತಾವಾಗಿ ಏಳುತ್ತಾರೆಯೇ, ನಡೆಯುತ್ತಾರೆಯೇ, ಸ್ನಾನ ಮಾಡುತ್ತಾರೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ಯಾವ ಊರಲ್ಲಿ ಎಷ್ಟು ಮಂದಿಗೆ ಎಷ್ಟರಮಟ್ಟಿಗೆ ಕೈಲಾಗದು ಎಂದು ಆಫೀಸಿನ ಕಂಪ್ಯೂಟರು ಅಂದಾಜು ಕಟ್ಟುತ್ತದೆ, ಅದಕ್ಕೆ ಮಾಡೆಲ್ ಎಂದು ಹೆಸರು. ಊರಿಗೆ ಹಿಡಿದು ನಡೆಯುವ ವಾಕರು, ಮನೆಗೆ ನರ್ಸು, ಎಲ್ಲ ಆ ಅಂದಾಜಿನ ಮೇಲೆಯೇ.

ನಮ್ಮ ಕಡೆಯ ಹಿರಿಯರು ಸೊಸೆಯ ಮುಂದೆ “ಆಗೂದಿಲ್ಲ” ಎನ್ನುವವರಲ್ಲ. ನಾನು ಪೆದ್ದಿ, ಹೇಳಿದ್ದನ್ನೇ ಬರೆಯುತ್ತಿದ್ದೆ. ಬನಹಟ್ಟಿಯ ಮುದುಕ ನೇಕಾರನೊಬ್ಬ, “ನನಗೇನ ಧಾಡಿ ಆಗೇತಿ? ಎಲ್ಲಾ ಮಾಡತೇನಿ” ಎಂದ. ಕಸ್ತೂರಕ್ಕ ನೀರು ಕೇಳಿದರು. ಗೋಡೆ ಹಿಡಿದು, ಮಗ್ಗ ಹಿಡಿದು, ಅರ್ಧ ತಂಬಿಗೆ ಮೈಮೇಲೆ ಚೆಲ್ಲಿಕೊಂಡು ಬಂದ. ಹೊರಗೆ ಬಂದಮೇಲೆ ಕಸ್ತೂರಕ್ಕ ನನ್ನ ತಲೆಗೆ ಮೊಟಕಿ, “ಬಾಯಿ ಕೇಳಬ್ಯಾಡ ಬೇ, ಮೊಣಕಾಲ ಕೇಳು” ಎಂದರು.

ಕಂಡದ್ದನ್ನೇ ಬರೆಯುವ ಇಂಥವರ ಫಾರ್ಮುಗಳನ್ನು ಆಫೀಸು ಏನು ಮಾಡಿತು ಗೊತ್ತೇ? ಕಸ ಮಾಡಿತು! “ನಿಮ್ಮ ಅಂಕಿ ಉಳಿದವರ ಜೋಡಿ ಹೊಂದೂದಿಲ್ಲ, ಮಾಡೆಲ್ ಕೆಡತೈತಿ” ಎಂದು ಸಾಹೇಬರು ಅಷ್ಟನ್ನೂ ತೆಗೆದುಹಾಕಿದರು.

“ಮಾಡೆಲ್ ಕೆಡತೈತಂತ! ಮಂದಿ ಮೊಣಕಾಲ ಕೆಟ್ಟಾವ್ರೀ ಸಾಹೇಬ್ರ, ಅದನ್ನ ಯಾವಾಗ ನೋಡ್ತೀರಿ?” ಎಂದು ಕಸ್ತೂರಕ್ಕ ಚೀಲವನ್ನು ಟೇಬಲ್ಲಿಗೆ ಎಸೆದು ಹೊರಟೇಹೋದರು. ನಾನು ನನ್ನವನ್ನು ತಿದ್ದದೆ ಒಪ್ಪಿಸಿದೆ. ನನ್ನ ಸುಳ್ಳು ಫಾರ್ಮುಗಳೇ ಕಂಪ್ಯೂಟರಿಗೆ ಹೋದವು. ನಮ್ಮೂರುಗಳ ಮುದುಕರೆಲ್ಲ ಗಟ್ಟಿಮುಟ್ಟು ಎಂದಾಯಿತು. ಚಿಮ್ಮಡಕ್ಕೆ ಒಂದು ವಾಕರೂ ಬರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ, ಸಾಹೇಬರ ಮೇಲೂ ನನ್ನ ಮೇಲೂ.

ಕಸ್ತೂರಕ್ಕನನ್ನು ಕೊನೆಯ ಸಲ ಕಂಡದ್ದು ಎಷ್ಟೋ ವರ್ಷಗಳ ಮೇಲೆ, ಮುಧೋಳದ ಅವರ ಮನೆಯಲ್ಲಿ. “ಬಾರವಾ” ಎಂದರು, ಮಂಚದಿಂದ ಏಳಲಿಲ್ಲ. ಏಳಲು ಆಗುತ್ತಿರಲಿಲ್ಲ. ಹಿಂದಿನ ವಾರ ಹೊಸ ಸರ್ವೆಯ ಹುಡುಗಿಯೊಬ್ಬಳು ಬಂದುಹೋಗಿದ್ದಳಂತೆ.

“ಏನ ಬರಸಿದ್ರಿ, ಅಕ್ಕಾ?”

“ಎಲ್ಲಾ ಆಗತೈತಿ ಅಂದೆ.”

“ನೀವ ಹಿಂಗ ಸುಳ್ಳ ಹೇಳಿದ್ರ ಹೆಂಗ್ರೀ!” ಎಂದು ಜಗಳಕ್ಕೇ ನಿಂತೆ.

ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

“ಸೊಸಿ ಇಲ್ಲೇ ನಿಂತಿದ್ಲು. ಆ ಹುಡಿಗಿ ನೀರ ಕೇಳಲೇ ಇಲ್ಲ ನೋಡವಾ.”