ಎಡಗೈಗೊಂದು ಹಿಡಿ

ಮಶಾಕಸಾಬನನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ನಮ್ಮೂರು ಮೋರಟಗಿಯಲ್ಲಿ ಅವನಷ್ಟು ಹರಕುಬಾಯಿಯ ಮನುಷ್ಯ ಇನ್ನೊಬ್ಬ ಇರಲಿಲ್ಲ. ಗಿರಾಕಿ ಬಂದು ಎದುರಿಗೆ ಕೂತರೆ ಸಾಕು, "ಇದೇನ ಕೈಯೋ, ಸಂತ್ಯಾಗ ಉಳದ ಮೂಲಂಗಿಯೋ?" ಎಂದು ಕೇಳುವ ಆಸಾಮಿ. ಆದರೂ ಸಿಂದಗಿ, ಆಲಮೇಲ, ಅತ್ತ ಇಂಡಿ ತಾಲೂಕಿನ ಹೊರ್ತಿಯವರೆಗಿನ ಜನ ಕುಡಗೋಲು, ಕತ್ತಿ ಹಿಡಿದುಕೊಂಡು ಅವನ ಬೇವಿನ ಗಿಡದ ಬುಡಕ್ಕೆ ಬರುತ್ತಿದ್ದರು. ಬೈಸಿಕೊಂಡು ಹೋಗುತ್ತಿದ್ದರು, ಮರುವರ್ಷ ಮತ್ತೆ ಬರುತ್ತಿದ್ದರು.

ಅವನೇನು ಕಮ್ಮಾರನಲ್ಲ. ಅವನ ಅಪ್ಪ ಕುದುರೆಯ ಜೀನು ಹೊಲಿಯುತ್ತಿದ್ದ. ಕುದುರೆಗಳು ಹೋಗಿ ಮೋಟಾರು ಬಂದ ಮೇಲೆ ಮಗ ಅದೇ ದಬ್ಬಣ, ಅದೇ ತೊಗಲು ಇಟ್ಟುಕೊಂಡು ಹಿಡಿ ಮತ್ತು ಒರೆಯ ಕೆಲಸಕ್ಕೆ ಬಿದ್ದ. ಕಮ್ಮಾರ ಎಲ್ಲರಿಗೂ ಒಂದೇ ನಮೂನೆಯ ಹಿಡಿ ಬಡಿದು ಕೊಡುತ್ತಾನೆ, ಕೈ ಮಾತ್ರ ಒಬ್ಬರದಿದ್ದಂತೆ ಒಬ್ಬರದಿರುವುದಿಲ್ಲ. ಮಶಾಕಸಾಬ ಆ ಹಿಡಿಯನ್ನು ಕಿತ್ತೊಗೆದು, ಅವರವರ ಅಂಗೈಗೆ ತಕ್ಕಂತೆ ಜಾಲಿ ಕಟ್ಟಿಗೆ ಕೆತ್ತಿ, ಅರಗು ಕಾಸಿ ಅಲಗನ್ನು ಅದರಲ್ಲಿ ಕೂರಿಸಿ, ಬಾಯಿಗೆ ಹಿತ್ತಾಳೆಯ ಬಳೆ ಬಿಗಿಯುತ್ತಿದ್ದ. ಕೈ ಬೆವರುವವರಿಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿ ಕೊಡುತ್ತಿದ್ದ. ಕುರಿ ಕಾಯುವವರು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ಕೂತರೆ ತೊಡೆಗೆ ಚುಚ್ಚುತ್ತದೆಂದು ಒರೆಯನ್ನು ಬೆನ್ನ ಕಡೆಗೆ ಓರೆಯಾಗಿ ನಿಲ್ಲುವಂತೆ ಹೊಲಿದ. ಒರೆಯೊಳಗೆ ಹಳೆಯ ಕಂಬಳಿಯ ತುಂಡು ಇಟ್ಟು ಕುಸುಬಿ ಎಣ್ಣೆ ಕುಡಿಸುತ್ತಿದ್ದ, ಅಲಗಿಗೆ ತುಕ್ಕು ಹತ್ತಬಾರದೆಂದು. ತುದಿಗೊಂದು ತೂತು, ಮಳೆ ನೀರು ಇಳಿದು ಹೋಗಲು.

ನಮ್ಮ ಕಡೆ ಹರಿತದ ಕಬ್ಬಿಣವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಹುಟ್ಟುತ್ತದೆ ಎನ್ನುತ್ತಾರೆ. ನೆಲಕ್ಕಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಮಶಾಕಸಾಬ ಈ ಪದ್ಧತಿಯನ್ನೇ ತನ್ನ ಅಳತೆಪಟ್ಟಿ ಮಾಡಿಕೊಂಡಿದ್ದ. ಕುಡಗೋಲನ್ನು ನೆಲಕ್ಕಿಟ್ಟು "ತಗೋ" ಎನ್ನುತ್ತಿದ್ದ, ಎತ್ತುವ ಕೈಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಯಾವ ಬೆರಳು ಮೊದಲು ಮುಟ್ಟಿತು, ಹೆಬ್ಬೆರಳು ಎಲ್ಲಿ ಕೂತಿತು, ಮಣಿಕಟ್ಟು ಎತ್ತ ವಾಲಿತು, ಅಷ್ಟೇ. ಆಮೇಲೆ ಅವರು ಹೋಗಬಹುದು, ನಾಲ್ಕು ದಿನ ಬಿಟ್ಟು ಬರಬಹುದು. ಹೆಂಡತಿ ಖಾತುನಬಿ ಚೇಷ್ಟೆ ಮಾಡುತ್ತಿದ್ದಳು: "ನನ್ನ ಮಾರಿ ನೋಡಿದ್ರ ಗುರುತ ಹತ್ತೂದಿಲ್ರಿ ಇವರಿಗಿ, ಕೈ ನೋಡಿದ್ರ ಹತ್ತತೈತಿ."

ಇಷ್ಟೆಲ್ಲ ಹೇಳುವ ನಾನು ಇಂದುಬಾಯಿ. ಊರ ಪಡುವಣದ ಎರೆಹೊಲ ನಮ್ಮದು. ನನ್ನ ಯಜಮಾನರು ಬಸಂತರಾಯರ ಮಾತು ಬಿತ್ತಿಗೆಯವರೆಗೆ ನಡೆಯುತ್ತಿತ್ತು, ಸುಗ್ಗಿ ಬಂತೆಂದರೆ ಹೊಲದಲ್ಲಿ ನನ್ನದೇ ಮಾತು. ನನ್ನ ಮಾತು ಮೆತ್ತಗಿತ್ತೆಂದು ಯಾರೂ ಹೇಳಿದ್ದಿಲ್ಲ.

ವಿಜಾಪುರ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೂರನೆಯ ಸುಗ್ಗಿ ಅದು. ನಮ್ಮ ಹೊಲದಲ್ಲಿ ತೆನೆ ಕೊಯ್ಯುವವರಲ್ಲಿ ಬಾಳಮ್ಮ ಎಂಬವಳು ಕೈ ನೆಟ್ಟಗಿದ್ದಾಗ ಎಲ್ಲರಿಗಿಂತ ಚುರುಕು. ಗಂಡ ತೀರಿಕೊಂಡಿದ್ದ, ಎರಡು ಹೆಣ್ಣುಮಕ್ಕಳು. ಹಿಂದಿನ ವರ್ಷ ಆಲಮೇಲದ ಕಡೆ ಕಬ್ಬಿನ ಗಾಣದಲ್ಲಿ ಕಬ್ಬು ಒಡ್ಡುವಾಗ ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಹೋಗಿದ್ದವು. ನಮ್ಮಲ್ಲಿ ಗಂಡಸರು ಕಿತ್ತು ಹಾಕಿದ ಜೋಳದ ದಂಟಿನ ಮುಂದೆ ಕೂತು ತೆನೆ ಕೊಯ್ಯುವ ಹೆಣ್ಣುಮಕ್ಕಳಿಗೆ ಕೂಲಿಯೆಂದರೆ ತೆನೆಯೇ. ಸುಗ್ಗಿಯುದ್ದಕ್ಕೂ ಕೊಯ್ದರೆ ಬಾಳಮ್ಮನ ಮನೆಯಲ್ಲಿ ಮುಂದಿನ ಸುಗ್ಗಿಯವರೆಗೆ ರೊಟ್ಟಿ. ಕೊಯ್ಯದಿದ್ದರೆ ಇಲ್ಲ.

ಅವಳು ಮಶಾಕಸಾಬನ ಹತ್ತಿರ ಬಂದ ದಿನ ನಾನೂ ಅಲ್ಲೇ ಇದ್ದೆ, ನನ್ನ ಕುಡಗೋಲಿನ ಹಿಡಿ ಸಡಿಲಾಗಿತ್ತು. "ಕಾಕಾ, ಈ ಕೈಗಿ ಒಂದ ಹಿಡಿ ಮಾಡಿಕೊಡ್ರಿ. ಸುಗ್ಗಿ ತಪ್ಪಿದ್ರ ನಮ್ಮ ವರ್ಷಾ ತಪ್ಪತೈತಿ," ಎಂದಳು. ಮಶಾಕಸಾಬ ಅವತ್ತು ಮೂಲಂಗಿಯ ಮಾತೆತ್ತಲಿಲ್ಲ. ಸುಮ್ಮನೆ ಕುಡಗೋಲನ್ನು ನೆಲಕ್ಕಿಟ್ಟು "ತಗೋ ಮಗಳ" ಎಂದ. ಅವಳು ಎಡಗೈಯನ್ನು ಸೆರಗಿನಲ್ಲಿ ಅಡಗಿಸಿ, ಮೂರು ಬೆರಳಿನ ಬಲಗೈ ಚಾಚಿದಳು. ಕುಡಗೋಲು ಎರಡು ಸಲ ಜಾರಿ ಬಿತ್ತು, ಮೂರನೆಯ ಸಲ ಮೇಲೆದ್ದಿತು. ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಆ ಕಡೆ ಮುಖ ತಿರುಗಿಸಿಕೊಂಡೆ.

ಐದು ದಿನ ಅವನು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಮೂರು ಬೆರಳಿಗೆ ಮೂರು ತಗ್ಗು ತೆಗೆದು ದಪ್ಪನೆಯ ಹಿಡಿ ಕೆತ್ತಿದ. ಹೆಬ್ಬೆರಳಿನ ಬದಲಿಗೆ ಮಣಿಕಟ್ಟಿಗೆ ಬಿಗಿಯುವ ತೊಗಲಿನ ಪಟ್ಟಿ ಹೊಲಿದ. ನೋಡಲು ಬಲು ಚೆಂದವಿತ್ತು. ಊರ ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿದರು, ಬಾಳಮ್ಮ ಅದನ್ನು ಎದೆಗವಚಿಕೊಂಡು ಮನೆಗೆ ಹೋದಳು.

ಹೊಲದಲ್ಲಿ ಅದು ಎರಡು ದಿನ ಬಾಳಿತು. ಮೂರನೆಯ ದಿನ ಬಿಸಿಲೇರಿದಾಗ ಬೆವರಿಗೆ ಪಟ್ಟಿ ಸಡಿಲಾಗಿ, ಕುಡಗೋಲು ಅಡ್ಡ ತಿರುಗಿ ಅವಳ ಮೊಣಕಾಲನ್ನೇ ಸೀಳಿತು. ರಕ್ತ ನೋಡಿ ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನಾನು ಬೈಯುತ್ತೇನೆ, ಅದು ನನ್ನ ಗುಣ. "ಮನೀಗಿ ನಡಿಯವ್ವ ಬಾಳಮ್ಮ, ಸಾಕು! ನಾಳೆ ಕುತ್ತಿಗಿ ಕೊಯ್ಕೊಂಡಿ ಅಂದ್ರ ಯಾರ ತಲಿ ಮ್ಯಾಲ ಬರತೈತಿ?" ಎಂದೆ. ಅವಳು ಮೊಣಕಾಲಿಗೆ ಚಿಂದಿ ಕಟ್ಟಿಕೊಂಡು ಎದ್ದು ಹೋದಳು.

ಸುದ್ದಿ ಬೇವಿನ ಗಿಡಕ್ಕೆ ಮುಟ್ಟಿತು. ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ ಎಂದು ಜನ ನಕ್ಕರು. ಮಶಾಕಸಾಬ ಅನ್ನ ಬಿಟ್ಟ. ಮರುದಿನ ಖಾತುನಬಿಯನ್ನು ಕರೆದುಕೊಂಡು ಬಾಳಮ್ಮನ ಮನೆಗೇ ಹೋದ. ಅಲ್ಲಿ ನಡೆದದ್ದನ್ನು ಖಾತುನಬಿಯೇ ನನಗೆ ಹೇಳಿದ್ದು.

ಇವರು ಹೋದಾಗ ಬಾಳಮ್ಮ ಅಂಗಳದಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತು, ಆಡಿಗೆ ಹಾಕಲು ಜೋಳದ ದಂಟು ಕತ್ತರಿಸುತ್ತಿದ್ದಳಂತೆ. ಬಲಗೈಯ ಮೊಣಕೈಯಲ್ಲಿ ದಂಟನ್ನು ಅಮುಕಿ ಹಿಡಿದು, ಎಡಗೈಯಲ್ಲಿ ಸಣ್ಣ ಕತ್ತಿ. ಸರಸರ ನಡೆದಿತ್ತು ಕೈ. ಮಶಾಕಸಾಬ ನಿಂತಲ್ಲೇ ಹಣೆ ಬಡಿದುಕೊಂಡ.

"ಬಾಳವ್ವ! ಎಡಗೈಲೆ ಮಾಡಾಕತ್ತಿಯಲ್ಲ! ಎಷ್ಟ ದಿನದಿಂದ?"

"ಕೈ ಹೋದಾಗಿಂದ್ರಿ ಕಾಕಾ. ಮನ್ಯಾಗ ಎಲ್ಲಾ ಇದರಲೇ ಮಾಡ್ತೇನಿ."

"ಮತ್ತ ನನ್ನ ಮುಂದ ಆ ಮೋಟಗೈ ಯಾಕ ಚಾಚಿದಿ, ಹುಚ್ಚಿ?"

ಬಾಳಮ್ಮನಿಗೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲವಂತೆ. "ಹಿರ್ಯಾರು ಇಟ್ಟದ್ದನ್ನ ಎಡಗೈಲೆ ಹ್ಯಾಂಗ ತಗೋಳೂದ್ರಿ ಕಾಕಾ?" ಎಂದಳು.

ಮಶಾಕಸಾಬ ನಕ್ಕನಂತೆ, ನಗುತ್ತಲೇ ಅತ್ತನಂತೆ. ನಾಲ್ವತ್ತು ವರ್ಷ ಕೈ ನೋಡಿ ಬದುಕಿದವನಿಗೆ ಮರ್ಯಾದೆಗೆ ಚಾಚುವ ಕೈ ಬೇರೆ, ದುಡಿಯುವ ಕೈ ಬೇರೆ ಎಂಬುದು ಬಾಳಮ್ಮನ ಕೈ ನೋಡುವಾಗ ಹೊಳೆದಿರಲಿಲ್ಲ.

ಎಡಗೈ ಕುಡಗೋಲೆಂದರೆ ಹಿಡಿ ಬದಲಿಸಿದರೆ ಮುಗಿಯುವ ಮಾತಲ್ಲ. ಕುಡಗೋಲಿನ ಹಲ್ಲನ್ನು ಬಲಗೈಗೆಂದೇ ಒಂದು ಮೈಗೆ ಹಾಕಿರುತ್ತಾರೆ. ಎಡಗೈಯಲ್ಲಿ ಹಿಡಿದರೆ ಅದು ದಂಟನ್ನು ಕಚ್ಚುವುದಿಲ್ಲ, ಜಾರುತ್ತದೆ. ಮಶಾಕಸಾಬ ಕಮ್ಮಾರನೊಡನೆ ಒಂದು ಮಧ್ಯಾಹ್ನವಿಡೀ ಜಗಳಾಡಿ, ಹಳೆಯ ಹಲ್ಲು ಸವೆಸಿ ಇನ್ನೊಂದು ಮೈಗೆ ಹೊಸ ಹಲ್ಲು ಹಾಕಿಸಿದ. ಹಿಡಿ ಕೆತ್ತಿದ. ಬಲಸೊಂಟಕ್ಕೆ ಕಟ್ಟಿಕೊಂಡರೆ ಎಡಗೈಗೆ ಎಟಕುವಂತೆ ಬಾಯಿ ತಿರುಗಿಸಿದ ಒರೆ ಹೊಲಿದ. ಆಮೇಲೆ ಬಾಳಮ್ಮನನ್ನು ಮುಂದೆ ಬಿಟ್ಟುಕೊಂಡು ನಮ್ಮ ಅಂಗಳಕ್ಕೆ ಬಂದ.

ನಾನು ಒಪ್ಪಲಿಲ್ಲ. ಇವತ್ತು ಹೇಳಲು ನಾಚಿಕೆಯಾಗುತ್ತದೆ, ಆದರೆ ಒಪ್ಪಲಿಲ್ಲ. "ಜ್ವಾಳ ಅಂದ್ರ ಲಕ್ಷ್ಮಿ, ಕಾಕಾ. ಎಡಗೈಲೆ ಕೊಯ್ದ ತೆನಿ ನನ್ನ ಕಣಕ್ಕ ಬರೂದು ಬ್ಯಾಡ. ನಾಳೆ ರಾಶಿ ಕಡಿಮಿ ಬಿತ್ತಂದ್ರ?"

"ಬಲಗೈಲೆ ಕುತ್ತಿಗಿ ಕೊಯ್ಕೊಂಡ್ರ ಲಕ್ಷ್ಮಿಗಿ ಸುಖ ಅನಸತೈತೇನ್ರಿ ಬಾಯಾರ?" ಎಂದ ಮಶಾಕಸಾಬ.

ಪಡಸಾಲೆಯಲ್ಲಿ ಕೂತಿದ್ದ ನಮ್ಮ ಯಜಮಾನರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ಬಾಯಿ ಭಾಳ ಆತು ನಿಂದು. ಬ್ಯಾಡ ಅಂದ್ರ ಬ್ಯಾಡ," ಎಂದು ಒಳಗೆ ಹೊರಟೆ. ಬಾಳಮ್ಮ "ನಡೀರಿ ಕಾಕಾ, ಹೋಗೂಣು" ಎಂದು ಮೆಲ್ಲಗೆ ಹೇಳಿ ಅಂಗಳದಿಂದ ಇಳಿದಳು. ಮಶಾಕಸಾಬ ಇಳಿಯಲಿಲ್ಲ. ಅವಳು ದೂರವಾಗುವವರೆಗೆ ಕಾದು, ದನಿ ತಗ್ಗಿಸಿ ನನ್ನೊಬ್ಬಳಿಗೇ ಕೇಳುವಂತೆ ಮಾತಾಡಿದ.

"ಬಾಯಾರ, ನೀವು ಮದುವ್ಯಾಗಿ ಬಂದ ವರ್ಷ ಕುಡಗೋಲಿಗಿ ಹಿಡಿ ಹಾಕಿಸ್ಕೊಳ್ಳಾಕ ಬಂದಿದ್ರಿ. ನೆಲಕ್ಕ ಇಟ್ಟು ತಗೋರಿ ಅಂದೆ. ಮೊದಲ ನಿಮ್ಮ ಎಡಗೈ ಬಂತು. ಗಪ್ಪನ ಅದನ್ನ ಸೆರಗಿನಾಗ ಮುಚ್ಚಿದ್ರಿ, ಬಲಗೈ ತಂದ್ರಿ. ಆ ಎಡಗೈ ಮ್ಯಾಲ ಸುಟ್ಟ ಬರಿ ಇತ್ತು. ನಾ ನೋಡಿದ್ನಿ. ನೋಡಿನೂ ಬಲಗೈಗೇ ಹಿಡಿ ಮಾಡಿಕೊಟ್ಟೆ, ಯಾಕಂದ್ರ ದೊಡ್ಡ ಮನಿ ಸೊಸಿಗಿ ಹೇಳಾಕ ಧೈರ್ಯ ಬರಲಿಲ್ಲ. ಅದು ನನ್ನ ತಪ್ಪ. ಈಗ ಇನ್ನೊಬ್ಬಾಕಿಗಿ ಅದನ್ನೇ ಮಾಡಲಾರೆ."

ನಾನು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಆ ಬರೆಯ ವಿಷಯ ನನ್ನ ಯಜಮಾನರಿಗೂ ಸರಿಯಾಗಿ ಗೊತ್ತಿರಲಿಲ್ಲ, ಒಲೆಗೆ ತಾಗಿದ್ದು ಎಂದಿದ್ದೆ. ನನಗೆ ಏಳು ವರ್ಷವಿದ್ದಾಗ ಎಡಗೈಯಲ್ಲಿ ರೊಟ್ಟಿ ಮುರಿಯುತ್ತೇನೆಂದು ಅವ್ವ ಸೌಟು ಕಾಸಿ ಇಟ್ಟಿದ್ದಳು. ಒಂದು ಸಲವಲ್ಲ, ಎರಡು ಸಲ. ಆಮೇಲೆ ಆ ಕೈ ಏನನ್ನೂ ಕೇಳಲಿಲ್ಲ, ನಾನೂ ಅದನ್ನು ಮರೆತೆ. ಮರೆತೆ ಎಂದುಕೊಂಡಿದ್ದೆ.

ಮಶಾಕಸಾಬ ಉತ್ತರಕ್ಕೆ ಕಾಯದೆ ಹೋಗಿಬಿಟ್ಟ. ಅವನ ಮೇಲೆ ಸಿಟ್ಟಿತ್ತು, ಸತ್ತುಹೋದ ಅವ್ವನ ಮೇಲೆ ಸಿಟ್ಟಿತ್ತು, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಬೆಳಗಾದ ಕೂಡಲೇ ಬಾಳಮ್ಮನ ಮನೆಗೆ ನಾನೇ ಹೋದೆ. "ನಡಿಯವ್ವ, ಬಿಸಲಾಗತೈತಿ," ಎಂದಷ್ಟೇ ಹೇಳಿದೆ.

ಹೊಲದಲ್ಲಿ ಅವಳನ್ನು ಸಾಲಿನ ಎಡತುದಿಗೆ ಕೂರಿಸಿದೆ, ಕೈ ಬೀಸುವಾಗ ಪಕ್ಕದವರಿಗೆ ತಾಗಬಾರದೆಂದು. ಹೆಂಗಸರು ಗುಸುಗುಸು ಶುರು ಮಾಡಿದರು. ಒಬ್ಬಳಂತೂ ಬಾಯಿ ಬಿಟ್ಟೇ ಅಂದಳು, "ಎಡಗೈ ಸುಗ್ಗಿ ಕಂಡಿದ್ದಿಲ್ಲ ಬಿಡ್ರಿ!" ನಾನು ಬಾಳಮ್ಮನ ಮಗ್ಗುಲಿಗೆ ಹೋಗಿ ಕೂತೆ. ಅವಳು ಬಲತೋಳಿನಲ್ಲಿ ದಂಟುಗಳನ್ನು ಬಳಸಿ ಅವಚಿಕೊಂಡು, ಎಡಗೈಯಲ್ಲಿ ಕೊಯ್ಯತೊಡಗಿದಳು. ಮೊದಲು ತಡವಾಯಿತು. ಹೊತ್ತೇರುವಷ್ಟರಲ್ಲಿ ಅವಳ ಮುಂದಿನ ತೆನೆಯ ಗುಂಪಿ ಎಲ್ಲರದಷ್ಟೇ ಎತ್ತರವಾಗಿತ್ತು. ಗುಸುಗುಸು ತಾನಾಗಿ ನಿಂತಿತು.

ಬುತ್ತಿ ಬಿಚ್ಚುವ ಹೊತ್ತಿಗೆ ಅವಳು ಕುಡಗೋಲು ಕೆಳಗಿಟ್ಟು ಕೈ ತೊಳೆಯಲು ಎದ್ದಳು. ನಾನು ಅದನ್ನು ಎತ್ತಿಕೊಂಡೆ, ಎಡಗೈಯಲ್ಲಿ, ಎಲ್ಲರೆದುರಿಗೆ. ಒಂದು ತೆನೆ ಹಿಡಿದು ಎಳೆದೆ. ಕುಡಗೋಲು ಜಾರಿತು. ಮತ್ತೆ ಎಳೆದೆ, ದಂಟು ಜಜ್ಜಿತೇ ಹೊರತು ಕತ್ತರಿಸಲಿಲ್ಲ. ಹುಟ್ಟುವಾಗ ತಂದಿದ್ದ ಕೈ ಅದು, ಈಗ ಒಂದು ತೆನೆ ಕೊಯ್ಯಲೂ ಬಾರದು. ಅಷ್ಟು ಜನರ ನಡುವೆ ಕೂತು ನಾನು ಅತ್ತೆ.

ಹಿಂದಿನಿಂದ ಬಾಳಮ್ಮ ಬಂದಳು. "ಹಂಗಲ್ರಿ ಬಾಯಾರ," ಎಂದಳು, "ಹೆಬ್ಬಟ್ಟ ಇಲ್ಲಿಡ್ರಿ." ಮೂರೇ ಬೆರಳಿದ್ದ ಆ ಬಲಗೈಯಿಂದ ನನ್ನ ಹೆಬ್ಬೆರಳನ್ನು ಹಿಡಿದು ಅದರ ಜಾಗದಲ್ಲಿ ಕೂರಿಸಿದಳು. ನಾನು ಒಂದು ತೆನೆ ಕೊಯ್ದೆ. ಉಳಿದದ್ದನ್ನು ಸುಗ್ಗಿ ಮುಗಿಯುವವರೆಗೆ ಅವಳು ಕೊಯ್ದಳು.